ತೊಟ್ಟಿಯ ನೀರಿಗೆ ಯಾವ ಗಿಡ? ತಾವರೆ, ನೈದಿಲೆ ಮತ್ತು ಅವುಗಳ ಜೊತೆಗಾರ ಸಸ್ಯಗಳ ಹೋಲಿಕೆ

ತಾರಸಿಯಲ್ಲೋ ಬಾಲ್ಕನಿಯಲ್ಲೋ ಒಂದು ತೊಟ್ಟಿಯನ್ನಿಟ್ಟು ಜಲಸಸ್ಯ ಬೆಳೆಸಲು ಹೊರಡುವ ಹೆಚ್ಚಿನವರ ಮನಸ್ಸಿನಲ್ಲಿ ಮೊದಲು ಇರುವುದು ತಾವರೆ. ಅದು ಕರ್ನಾಟಕದ ರಾಜ್ಯಪುಷ್ಪ, ಲಕ್ಷ್ಮಿಯ ಪೂಜೆಗೆ ಬೇಕಾದ ಹೂವು; ಹಾಗಾಗಿ ಆ ಆಸೆ ಸಹಜವೇ. ಆದರೆ ಸಣ್ಣ ತೊಟ್ಟಿಯಲ್ಲಿ ಒಂದು ಗಿಡ ಉಳಿಯುತ್ತದೆಯೇ, ಉಳಿದರೂ ಹೂ ಬಿಡುತ್ತದೆಯೇ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಅಳತೆಗಳು: ಆ ಜಾಗಕ್ಕೆ ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ ಮತ್ತು ತೊಟ್ಟಿಯ ಬಾಯಿ ಎಷ್ಟು ಅಗಲವಿದೆ. ಈ ಎರಡನ್ನು ತಿಳಿಯದೆ ಗಿಡ ಕೊಂಡರೆ ಎಲೆ ಮಾತ್ರ ಬೆಳೆದು ಹೂವಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ನಗರದ ಬಹುಪಾಲು ಮನೆಗಳಿಗೆ ಮೊದಲ ಗಿಡವಾಗಿ ಒಪ್ಪುವುದು ತಾವರೆಯಲ್ಲ, ಸಣ್ಣ ಜಾತಿಯ ನೈದಿಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸಿದ್ದೇನೆ.

ಮೊದಲು ಬಿಸಿಲನ್ನು ಅಳೆಯಿರಿ

ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ತೊಟ್ಟಿ ಇಡುವ ಜಾಗವನ್ನು ನೋಡಿ, ನೇರ ಬಿಸಿಲು ಬಿದ್ದಿರುವ ಗಂಟೆಗಳನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ಕರ್ನಾಟಕ ಉಷ್ಣವಲಯದೊಳಗೇ ಇರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಬೆಂಗಳೂರಿನಲ್ಲಿ ಈ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತವೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಆದ್ದರಿಂದ ಮೇಲೆ ಛಾವಣಿಯಿರುವ ದಕ್ಷಿಣಾಭಿಮುಖ ಬಾಲ್ಕನಿಗೆ ಡಿಸೆಂಬರಿನಲ್ಲಿ ಧಾರಾಳವಾಗಿ ಬೀಳುವ ಬಿಸಿಲು, ಗಿಡಕ್ಕೆ ಅದು ಅತ್ಯಂತ ಬೇಕಾಗಿರುವ ಮೇ ತಿಂಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಜನವರಿಯಲ್ಲಿ ಅಳೆದು ತಾವರೆ ತಂದವರು ಬೇಸಿಗೆಯಲ್ಲಿ ನಿರಾಶರಾಗುವುದಕ್ಕೆ ಇದೂ ಒಂದು ಕಾರಣ. ಪೂರ್ವಾಭಿಮುಖ ಬಾಲ್ಕನಿಗೆ ಮೋಡವಿಲ್ಲದ ದಿನ ಸುಮಾರು ನಾಲ್ಕು ಗಂಟೆಯ ಬಿಸಿಲು ದೊರೆಯುತ್ತದೆ ಎಂದಿಟ್ಟುಕೊಳ್ಳಬಹುದು. ದಿನವಿಡೀ ಬಿಸಿಲು ಸಿಗುವುದು ತೆರೆದ ತಾರಸಿಯಲ್ಲಿ ಮಾತ್ರ.

ತೊಟ್ಟಿಯ ವಿಷಯದಲ್ಲಿ ಆಳಕ್ಕಿಂತ ಬಾಯಿಯ ಅಗಲ ಮುಖ್ಯ, ಏಕೆಂದರೆ ಎಲೆಗಳು ಹರಡುವುದು ನೀರಿನ ಮೇಲ್ಮೈಯಲ್ಲಿ. ತಳದಲ್ಲಿ ರಂಧ್ರವಿಲ್ಲದ ಪ್ಲಾಸ್ಟಿಕ್ ಟಬ್ಬು, ಸಿಮೆಂಟ್ ತೊಟ್ಟಿ, ಹಳೆಯ ಕಲಗಚ್ಚಿನ ಕಲ್ಲುಬಾನಿ ಎಲ್ಲವೂ ಆಗುತ್ತವೆ. ಹೊಸ ಸಿಮೆಂಟ್ ತೊಟ್ಟಿಯಾದರೆ ಅದರ ಸುಣ್ಣದ ಅಂಶ ನೀರಿಗಿಳಿಯುವುದರಿಂದ ಕೆಲವು ವಾರ ನೀರು ತುಂಬಿಸಿ ಚೆಲ್ಲುತ್ತಿರಬೇಕು. ಹಿತ್ತಾಳೆಯ ಉರುಳಿಯಲ್ಲಿ ನೇರವಾಗಿ ಮೀನು ಬಿಡುವುದು ಸರಿಯಲ್ಲ. ತಾಮ್ರದ ಅಂಶ ಮೀನು ಮತ್ತು ಬಸವನಹುಳುಗಳಿಗೆ ವಿಷವಾಗುತ್ತದೆ, ಆದ್ದರಿಂದ ಒಳಗೊಂದು ಪ್ಲಾಸ್ಟಿಕ್ ಬೋಗುಣಿಯನ್ನಿಡಬೇಕು. ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: 60 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ದುಂಡನೆಯ ಟಬ್ಬು ಸುಮಾರು 85 ಲೀಟರ್ ಹಿಡಿಸುತ್ತದೆ, ಮಣ್ಣು ಸೇರಿದರೆ ನೂರು ಕಿಲೋಗ್ರಾಂ ದಾಟುತ್ತದೆ. ಬಾಲ್ಕನಿಯ ಹೊರ ಅಂಚಿನಲ್ಲಿ ಅದನ್ನಿಡದೆ ಮನೆಯ ಗೋಡೆಗೆ ಹತ್ತಿರವಾಗಿ ಇಡುವುದೇ ಸುರಕ್ಷಿತ.

ತಾವರೆ: ಯಾರಿಗೆ, ಯಾರಿಗಲ್ಲ

ತಾವರೆಗೆ ದಿನಕ್ಕೆ ಕನಿಷ್ಠ ಆರು ಗಂಟೆಯ ನೇರ ಬಿಸಿಲು ಬೇಕೇಬೇಕು. ನಾಲ್ಕು ಗಂಟೆಯ ಬಿಸಿಲಿನಲ್ಲಿ ಅದು ಸಾಯುವುದಿಲ್ಲ, ನೀರಿನ ಮೇಲೆ ತೇಲುವ ಸಣ್ಣ ಎಲೆಗಳನ್ನು ಬಿಡುತ್ತಲೇ ಇರುತ್ತದೆ. ಆದರೆ ನೀರಿನಿಂದ ಮೇಲೆದ್ದು ನಿಲ್ಲುವ ಎಲೆಗಳು ಬಾರದ ಹೊರತು ಮೊಗ್ಗು ಬರುವುದಿಲ್ಲ. ಅಂಗಡಿಯಲ್ಲಿ ಗಿಡದ ಎಲೆಗಳು ಬರೀ ತೇಲುತ್ತಿದ್ದರೆ ಅದು ಇನ್ನೂ ಹೂವಿಗೆ ದೂರವಿರುವ ಗಿಡವೆಂದೇ ತಿಳಿಯಬೇಕು.

ತಾವರೆಯ ಗೆಡ್ಡೆ ಮಣ್ಣಿನಡಿ ಅಡ್ಡಡ್ಡವಾಗಿ ಓಡುತ್ತದೆ. ಚೌಕ ತೊಟ್ಟಿಯ ಮೂಲೆಯಲ್ಲಿ ಅದರ ಕುಡಿ ಸಿಕ್ಕಿಕೊಂಡು ಬೆಳವಣಿಗೆ ಕುಂಠಿತವಾಗುವುದರಿಂದ ದುಂಡನೆಯ ಪಾತ್ರೆಯೇ ಒಳ್ಳೆಯದು. ಮಧ್ಯಮ ಗಾತ್ರದ ತಳಿಗಳಿಗೆ 50ರಿಂದ 60 ಸೆಂ.ಮೀ. ಅಗಲ ಬೇಕು. ಬೋಗುಣಿ ತಾವರೆ ಎನ್ನಬಹುದಾದ ಕುಬ್ಜ ತಳಿಗಳನ್ನು ಚೀನಾದಲ್ಲಿ ಬಹಳ ಕಾಲದಿಂದ ಬೆಳೆಸಿಕೊಂಡು ಬಂದಿದ್ದಾರೆ, ಈಗ ನಮ್ಮಲ್ಲೂ ಮೈಕ್ರೋ ಲೋಟಸ್ ಎಂಬ ಹೆಸರಿನಲ್ಲಿ ಸಿಗುತ್ತವೆ. ಅವು 30 ಸೆಂ.ಮೀ. ಅಗಲದ ಪಾತ್ರೆಯಲ್ಲೂ ಹೂ ಬಿಡಬಲ್ಲವು. ಹಾಗೆಂದು ಅವುಗಳಿಗೆ ಬಿಸಿಲು ಕಡಿಮೆ ಸಾಕು ಎಂದು ಭಾವಿಸಬಾರದು. ಜಾಗವನ್ನು ಮಾತ್ರ ಅವು ಕಡಿಮೆ ಕೇಳುತ್ತವೆ. ನೂರಾರು ಎಸಳಿನ ಸಹಸ್ರದಳ ತಾವರೆಯ ಚಿತ್ರ ನೋಡಿ ಮರುಳಾಗುವವರು ಅನೇಕರು. ಅದಕ್ಕೆ ದೊಡ್ಡ ತೊಟ್ಟಿ, ದಿನವಿಡೀ ಬಿಸಿಲು ಬೇಕಾಗುವುದರಿಂದ ಮೊದಲ ಗಿಡವಾಗಿ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಬೀಜವೋ ಗೆಡ್ಡೆಯೋ ಎಂಬ ಆಯ್ಕೆಯೂ ಇಲ್ಲಿದೆ. ತಾವರೆಯ ಬೀಜ ಅಸಾಧಾರಣವಾದದ್ದು: ಚೀನಾದ ಲಿಯಾವೊನಿಂಗ್ ಪ್ರಾಂತ್ಯದ ಬತ್ತಿದ ಕೆರೆಯೊಂದರ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯದೆಂದು ನಿರ್ಧಾರವಾದ ಬೀಜವೂ ಮೊಳೆತಿದೆ. ಇಷ್ಟು ಬಾಳಿಕೆಗೆ ಕಾರಣವಾದ ಆ ಗಟ್ಟಿ ಸಿಪ್ಪೆಯೇ ನಮಗೆ ಅಡ್ಡಿಯೂ ಹೌದು. ಅದನ್ನು ಮರಳು ಕಾಗದದಿಂದ ಒಳಗಿನ ಬಿಳಿ ಭಾಗ ಕಾಣುವಷ್ಟು ಉಜ್ಜಿದರೆ ಮಾತ್ರ ನೀರು ಒಳಹೋಗಿ ಕೆಲವೇ ದಿನಗಳಲ್ಲಿ ಮೊಳಕೆ ಬರುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆಂದದ ಮೊಳಕೆ ಇನ್ನೊಂದಿಲ್ಲ. ಆದರೆ ಬೀಜದ ಗಿಡ ಮೊದಲ ವರ್ಷ ಹೂ ಬಿಡುವುದು ಅಪರೂಪ, ಯಾವ ಬಣ್ಣದ ಹೂ ಬರುತ್ತದೆಂದು ಹೇಳಲೂ ಆಗುವುದಿಲ್ಲ. ಹೂವೇ ಗುರಿಯಾಗಿದ್ದರೆ ಗೆಡ್ಡೆಯನ್ನೇ ಕೊಳ್ಳಬೇಕು. ಆನ್‌ಲೈನ್ ಮಾರಾಟದಲ್ಲಿ ನೀಲಿ ತಾವರೆ, ಕಾಮನಬಿಲ್ಲಿನ ತಾವರೆ ಎಂದು ಬೀಜದ ಪೊಟ್ಟಣಗಳು ಕಾಣುತ್ತವೆ. ತಾವರೆಯಲ್ಲಿರುವುದು ಬಿಳಿ, ಗುಲಾಬಿ, ಕೆಂಪು ಮತ್ತು ತಿಳಿಹಳದಿ ಬಣ್ಣಗಳು ಹಾಗೂ ಅವುಗಳ ಮಿಶ್ರಣ ಮಾತ್ರ. ನೀಲಿ ಹೂ ಬಿಡುವ ತಾವರೆಯೇ ಇಲ್ಲ. ನೀಲಿ ಬೇಕೆಂದರೆ ನೈದಿಲೆಗೇ ಹೋಗಬೇಕು.

ಗೆಡ್ಡೆ ನೆಡುವಾಗ ಅದರ ಕುಡಿ ಮುರಿಯದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಪಾತ್ರೆಯ ಮೂರನೇ ಒಂದು ಭಾಗದಷ್ಟು ಅಂಟುಮಣ್ಣು ತುಂಬಿ, ಗೆಡ್ಡೆಯನ್ನು ಅಡ್ಡವಾಗಿ ಮಲಗಿಸಿ, ಕುಡಿ ಮಾತ್ರ ಹೊರಗೆ ಕಾಣುವಂತೆ ಮುಚ್ಚಿ, ಮೇಲೆ ಹತ್ತು ಸೆಂ.ಮೀ. ನೀರು ನಿಲ್ಲಿಸಿದರೆ ಆರಂಭಕ್ಕೆ ಸಾಕು. ಎದ್ದು ನಿಲ್ಲುವ ಎಲೆಗಳು ಮೂರ್ನಾಲ್ಕು ಬರುವವರೆಗೆ ಗೊಬ್ಬರ ಹಾಕಬಾರದು. ಬಯಲುಸೀಮೆಯಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಡಲು ಸೂಕ್ತ ಕಾಲ. ಡಿಸೆಂಬರ್, ಜನವರಿಯ ಚಳಿಗೆ ಎಲೆಗಳು ಕಂದಿ ಒಣಗಿದಾಗ ಗಿಡ ಸತ್ತಿತೆಂದು ಚೆಲ್ಲುವವರಿದ್ದಾರೆ. ಮಣ್ಣಿನೊಳಗೆ ಗೆಡ್ಡೆ ಜೀವಂತವಾಗಿ ವಿಶ್ರಾಂತಿಯಲ್ಲಿರುತ್ತದೆ, ಮಣ್ಣು ಒಣಗದಂತೆ ನೋಡಿಕೊಂಡರೆ ಬೇಸಿಗೆಯ ಮೊದಲ ಬಿಸಿಗೆ ಮತ್ತೆ ಚಿಗುರುತ್ತದೆ. ಎತ್ತರದ ಮಹಡಿಗಳಲ್ಲಿ ವಾಸಿಸುವವರು ಗಾಳಿಯನ್ನೂ ಯೋಚಿಸಬೇಕು. ಉದ್ದ ದಂಟಿನ ಮೇಲೆ ನಿಂತ ಅಗಲ ಎಲೆಗಳು ಬಿರುಗಾಳಿಗೆ ಹರಿಯುತ್ತವೆ, ದಂಟು ಮುರಿಯುತ್ತದೆ.

ನೈದಿಲೆ: ಸಣ್ಣ ತೊಟ್ಟಿಯ ನಿಜವಾದ ಗೆಳತಿ

ನೈದಿಲೆ ಅಥವಾ ವಾಟರ್ ಲಿಲಿ ಈ ಎಲ್ಲ ವಿಷಯಗಳಲ್ಲೂ ಹೆಚ್ಚು ಹೊಂದಿಕೊಳ್ಳುವ ಗಿಡ. ನರ್ಸರಿಯವರು ಇವುಗಳನ್ನು ಟ್ರಾಪಿಕಲ್ ಮತ್ತು ಹಾರ್ಡಿ ಎಂದು ಎರಡಾಗಿ ವಿಂಗಡಿಸುತ್ತಾರೆ. ಟ್ರಾಪಿಕಲ್ ನೈದಿಲೆಗಳ ಎಲೆಯಂಚು ಸಾಮಾನ್ಯವಾಗಿ ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ, ಹೂವು ನೀರಿನಿಂದ ಗೇಣುದ್ದ ಮೇಲೆದ್ದು ಅರಳುತ್ತದೆ, ಸುವಾಸನೆ ಹೆಚ್ಚು. ನೀಲಿ, ನೇರಳೆ ಬಣ್ಣಗಳು ಬಹುಪಾಲು ಇವುಗಳಲ್ಲೇ ಸಿಗುತ್ತವೆ. ಹಾರ್ಡಿ ಲಿಲಿಗಳ ಎಲೆಯಂಚು ನಯವಾಗಿದ್ದು, ಹೂವು ನೀರಿಗೆ ತಾಗಿಕೊಂಡೇ ಅರಳುವುದು ಹೆಚ್ಚು; ಹಳದಿ, ಪೀಚ್, ಕಡುಗೆಂಪು ಬಣ್ಣಗಳು ಇವುಗಳ ವಿಶೇಷ. ಹಿಮ ಬೀಳುವ ದೇಶಗಳಲ್ಲಿ ಈ ವಿಂಗಡಣೆಗೆ ಗಿಡದ ಅಳಿವು ಉಳಿವಿನಷ್ಟು ಮಹತ್ವವಿದೆ. ಬೆಂಗಳೂರು, ಮೈಸೂರಿನಂಥ ಹವೆಯಲ್ಲಿ ಎರಡೂ ಬದುಕುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಣ್ಣ ಟಬ್ಬಿನ ನೀರು ವಿಪರೀತ ಕಾಯುವುದರಿಂದ ಅಲ್ಲಿ ಟ್ರಾಪಿಕಲ್ ನೈದಿಲೆಯೇ ಹೆಚ್ಚು ನಂಬಿಕೆಗೆ ಅರ್ಹ.

ಬಿಸಿಲು ಕಡಿಮೆಯಿರುವ ಬಾಲ್ಕನಿಗೆ ಹುಡುಕಬೇಕಾದ ಹೆಸರು ಡಾಬೆನ್. ಆಕ್ಸ್‌ಫರ್ಡಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಬೆನಿಯವರ ಹೆಸರು ಹೊತ್ತ, 19ನೇ ಶತಮಾನದ ಈ ತಿಳಿನೀಲಿ ಟ್ರಾಪಿಕಲ್ ತಳಿ ಮೂರು ನಾಲ್ಕು ಗಂಟೆಯ ಬಿಸಿಲಿನಲ್ಲೂ ಹೂ ಬಿಡುತ್ತದೆ, 35ರಿಂದ 40 ಸೆಂ.ಮೀ. ಅಗಲದ ಪಾತ್ರೆಗೂ ಹೊಂದಿಕೊಳ್ಳುತ್ತದೆ. ಅದರ ಎಲೆಯ ನಡುವೆ, ದಂಟು ಸೇರುವ ಜಾಗದಲ್ಲಿ, ಪುಟ್ಟ ಮರಿಗಿಡ ಹುಟ್ಟುತ್ತದೆ. ಆ ಎಲೆಯನ್ನು ಕತ್ತರಿಸಿ ಒದ್ದೆ ಮಣ್ಣಿನ ಮೇಲಿಟ್ಟರೆ ಹೊಸ ಗಿಡ ಸಿದ್ಧ. ಹೂವು ದೊಡ್ಡದಲ್ಲ, ಬಣ್ಣವೂ ಗಾಢವಲ್ಲ. ಆದರೂ ವರ್ಷದ ಹೆಚ್ಚಿನ ಕಾಲ ಹೂ ಕೊಡುವ, ನೆರೆಮನೆಗೂ ಹಂಚಬಹುದಾದ ಗಿಡ ಇದಕ್ಕಿಂತ ಸುಲಭವಾದದ್ದು ನನಗೆ ಗೊತ್ತಿಲ್ಲ.

ಪಾತ್ರೆ ಇನ್ನೂ ಚಿಕ್ಕದಾಗಿದ್ದು ಬಿಸಿಲು ಚೆನ್ನಾಗಿದ್ದರೆ ಹೆಲ್ವೋಲಾ ಎಂಬ ಕುಬ್ಜ ಹಾರ್ಡಿ ಲಿಲಿಯನ್ನು ಪರಿಗಣಿಸಬಹುದು. ಫ್ರಾನ್ಸಿನ ಲಾಟೂರ್-ಮಾರ್ಲಿಯಾಕ್ ನರ್ಸರಿಯಲ್ಲಿ, ಅಂದರೆ ಚಿತ್ರಕಾರ ಮೊನೆ ತಮ್ಮ ಕೊಳಕ್ಕೆ ಲಿಲಿಗಳನ್ನು ತರಿಸಿಕೊಂಡ ಅದೇ ನರ್ಸರಿಯಲ್ಲಿ, ರೂಪುಗೊಂಡ ತಳಿಯಿದು. ಸುಮಾರು ಐದು ಸೆಂ.ಮೀ. ಅಗಲದ ತಿಳಿಹಳದಿ ಹೂವು, ಕಂದು ಚುಕ್ಕೆಯ ಪುಟ್ಟ ಎಲೆಗಳು.

ಅರಳುವ ಹೊತ್ತನ್ನೂ ನೋಡಿಯೇ ಆರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೆಚ್ಚಿನ ನೈದಿಲೆಗಳು ಬೆಳಗ್ಗೆ ಒಂಬತ್ತರ ಸುಮಾರಿಗೆ ಅರಳಿ ಮಧ್ಯಾಹ್ನ ಕಳೆದು ಮುಚ್ಚುತ್ತವೆ, ಒಂದು ಹೂ ಮೂರ್ನಾಲ್ಕು ದಿನ ಹೀಗೆ ಅರಳಿ ಮುಚ್ಚಿ ನೀರಿಗಿಳಿಯುತ್ತದೆ. ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಮನೆ ಸೇರುವವರು ವಾರವಿಡೀ ಮುಚ್ಚಿದ ಮೊಗ್ಗನ್ನಷ್ಟೇ ನೋಡುತ್ತಾರೆ. ಅಂಥವರಿಗೆ ಸಂಜೆ ಅರಳಿ ಮರುದಿನ ಬಿಸಿಲೇರುವವರೆಗೆ ತೆರೆದಿರುವ ಕೆಂಪು ಅಥವಾ ಬಿಳಿ ನೈದಿಲೆಯೇ ತಕ್ಕದ್ದು. ಇವು ನಮ್ಮ ಕೆರೆಗಳಲ್ಲೂ ಕಾಣುವ ಜಾತಿಗಳು. ಆದರೆ ಎಲೆಗಳು ದೊಡ್ಡವು, ಹರಡುವ ಗುಣ ಹೆಚ್ಚು, ಆದ್ದರಿಂದ ಇವಕ್ಕೆ 60 ಸೆಂ.ಮೀ.ಗೆ ಕಡಿಮೆಯಿಲ್ಲದ ಟಬ್ಬು ಬೇಕು.

ಮಣ್ಣಿನ ವಿಷಯದಲ್ಲಿ ತಾವರೆಗೂ ನೈದಿಲೆಗೂ ವ್ಯತ್ಯಾಸವಿಲ್ಲ. ಕೆರೆಗೋಡು ಅಥವಾ ಹೊಲದ ಅಂಟುಮಣ್ಣು ಉತ್ತಮ. ಕುಂಡದ ಗಿಡಗಳಿಗೆ ಬಳಸುವ ತೆಂಗಿನ ನಾರಿನ ಪುಡಿ ತೇಲುತ್ತದೆ, ಎರೆಗೊಬ್ಬರ ಹೆಚ್ಚಾದರೆ ನೀರು ಹಸಿರಾಗಿ ಪಾಚಿ ಕಟ್ಟುತ್ತದೆ. ಚೆನ್ನಾಗಿ ಕಳಿತ ಸಗಣಿಗೊಬ್ಬರವನ್ನು ಸ್ವಲ್ಪವೇ ತಳದಲ್ಲಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಅದರ ಮೇಲೆ ದಪ್ಪ ಮರಳಿನ ಒಂದು ಪದರ ಹರಡಿದರೆ ನೀರು ತಿಳಿಯಾಗಿ ಉಳಿಯುತ್ತದೆ. ನೈದಿಲೆಗೆ ಅಲುಗಾಡುವ ನೀರು ಒಗ್ಗುವುದಿಲ್ಲ. ಪುಟ್ಟ ಕಾರಂಜಿಯನ್ನೂ ನೈದಿಲೆಯನ್ನೂ ಒಂದೇ ಟಬ್ಬಿನಲ್ಲಿ ಇಡುವ ಯೋಚನೆಯಿದ್ದರೆ ಒಂದನ್ನು ಬಿಡಬೇಕು.

ಎರಡೂ ಆಗದ ಜಾಗಕ್ಕೆ

ಇಪ್ಪತ್ತು ಲೀಟರಿನ ಬೋಗುಣಿಯಷ್ಟೇ ಇದ್ದರೆ ವಾಟರ್ ಸ್ನೋಫ್ಲೇಕ್ ಎಂದು ಮಾರುವ ನಿಂಫಾಯ್ಡಿಸ್ ಜಾತಿಗಳನ್ನು ನೋಡಿ. ನೈದಿಲೆಯ ಮರಿಯಂತೆ ಕಾಣುವ ಎಲೆ, ಅಂಚಿನಲ್ಲಿ ಎಳೆಗಳಿರುವ ಬಿಳಿಯ ಪುಟ್ಟ ಹೂವು. ಇವುಗಳಲ್ಲಿ ಕೆಲವು ನಮ್ಮ ನೆಲದವೇ. ಹೂವೊಂದು ಬಾಳುವುದು ಒಂದೇ ದಿನವಾದರೂ ಹೊಸದು ಬರುತ್ತಲೇ ಇರುತ್ತದೆ.

ಬಿಸಿಲು ಎರಡು ಮೂರು ಗಂಟೆಗಿಂತ ಹೆಚ್ಚಿಲ್ಲದ ಕಡೆ ಹೂವಿನ ಆಸೆ ಬಿಟ್ಟು ಎಲೆಯ ಚೆಲುವಿಗೆ ಹೋಗುವುದು ವಿವೇಕ. ದಂಡೆಯಲ್ಲಿ ಬೆಳೆಯುವ ಸಸ್ಯಗಳು ಇಲ್ಲಿ ನೆರವಿಗೆ ಬರುತ್ತವೆ: ಕತ್ತಿಯಂಥ ಎಲೆಯ ಬಜೆ, ನೆಲ ಹಬ್ಬುವ ಒಂದೆಲಗ, ದಪ್ಪ ಪುಟ್ಟ ಎಲೆಯ ನೀರುಬ್ರಾಹ್ಮಿ, ಬಣ್ಣದ ದಂಟಿನ ಕೆಸು, ಛತ್ರಿಯಂತೆ ಎಲೆ ಬಿಚ್ಚುವ ಅಂಬ್ರೆಲಾ ಪಾಮ್. ಇವುಗಳಲ್ಲಿ ನನ್ನ ಮೊದಲ ಆಯ್ಕೆ ಬಜೆ. ಮಗುವಿಗೆ ತೇಯ್ದು ನೆಕ್ಕಿಸುತ್ತಿದ್ದ ಆ ಬೇರಿನ ಗಿಡವನ್ನು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಭತ್ತದಂತೆ ಕೆಸರುಗದ್ದೆಯಲ್ಲೇ ಬೆಳೆಯುತ್ತಾರೆ. ಬುಡದಲ್ಲಿ ಐದಾರು ಸೆಂ.ಮೀ. ನೀರು ನಿಂತರೆ ಅದಕ್ಕೆ ಸಾಕು, ಎಲೆ ತಿಕ್ಕಿದರೆ ಘಮ, ರೋಗಬಾಧೆ ಕಡಿಮೆ. ಅಂಬ್ರೆಲಾ ಪಾಮ್ ನೋಡಲು ಸೊಗಸಾದರೂ ಆಳೆತ್ತರಕ್ಕೆ ಬೆಳೆದು ಬೇರಿನಿಂದ ಇಡೀ ಪಾತ್ರೆಯನ್ನು ತುಂಬಿಬಿಡುತ್ತದೆ. ಅದನ್ನು ಬೇರೆಯೇ ಕುಂಡದಲ್ಲಿಟ್ಟು ಆ ಕುಂಡವನ್ನು ತೊಟ್ಟಿಗಿಳಿಸಬೇಕು. ದಂಡೆಯ ಗಿಡಗಳೆಲ್ಲವನ್ನೂ ಇಟ್ಟಿಗೆಯ ಮೇಲೆ ಎತ್ತರಿಸಿ, ಕುಂಡದ ಬಾಯಿ ನೀರಿನ ಮಟ್ಟಕ್ಕೆ ಬರುವಂತೆ ಇಡಬೇಕೆಂಬುದನ್ನು ಮರೆಯಬಾರದು.

ನೀರಿನೊಳಗೆ ಮುಳುಗಿ ಬೆಳೆಯುವ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಹೂವಿಗಾಗಿ ಅಲ್ಲ, ನೀರಿಗಾಗಿ. ಅವು ಪಾಚಿಗೆ ಸಿಗುವ ಪೋಷಕಾಂಶವನ್ನು ತಾವೇ ಹೀರಿಕೊಳ್ಳುತ್ತವೆ, ಮೀನಿಗೆ ಮರೆಯಾಗುತ್ತವೆ. ಸಣ್ಣ ಟಬ್ಬಿಗೆ ವ್ಯಾಲಿಸ್ನೇರಿಯಾದ ಒಂದೆರಡು ಗಿಡ ಸಾಕು. ಹೈಡ್ರಿಲ್ಲಾ ಒಮ್ಮೆ ಬೇರೂರಿದರೆ ತೆಗೆಯುವುದು ಕಷ್ಟ.

ತರಬಾರದ ಗಿಡಗಳು

ತೇಲುವ ಸಸ್ಯಗಳ ವಿಷಯದಲ್ಲಿ ನಾನು ಕಟುವಾಗಿಯೇ ಹೇಳಬೇಕಾಗಿದೆ. ನೇರಳೆ ಹೂವಿನ, ಉಬ್ಬಿದ ದಂಟಿನ ವಾಟರ್ ಹಯಸಿಂತ್ ಮತ್ತು ಸಾಲ್ವೀನಿಯಾ, ಇವೆರಡೂ ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನು ಮುಚ್ಚಿದ ಕಳೆಗಳು. ನೋಡಲು ಚೆಂದ, ಬೆಲೆ ಅಗ್ಗ, ಬೆಳೆಸಲು ಶ್ರಮವಿಲ್ಲ ಎಂಬ ಕಾರಣಕ್ಕೆ ಈಗಲೂ ಕೆಲವೆಡೆ ಮಾರಾಟವಾಗುತ್ತಿವೆ. ಸಾಲ್ವೀನಿಯಾ ಏನು ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ದಾಖಲಾದ ಉದಾಹರಣೆಯಿದೆ: 1980ರ ದಶಕದಲ್ಲಿ ಇಲ್ಲಿಯ ನೈದಿಲೆ ಕೊಳವೊಂದನ್ನು ಅದು ಆವರಿಸಿಕೊಂಡು ನೈದಿಲೆಗಳನ್ನೇ ಅಡಗಿಸಿತ್ತು. ಅದನ್ನು ಮಾತ್ರ ತಿನ್ನುವ ಪುಟ್ಟ ಮೂತಿಹುಳುವೊಂದನ್ನು ವಿಜ್ಞಾನಿಗಳು ಕೊಳಕ್ಕೆ ಬಿಟ್ಟ ಮೇಲೆ, ಒಂದು ವರ್ಷದೊಳಗೆ ಕಳೆ ಕರಗಿ ನೈದಿಲೆಗಳು ಮತ್ತೆ ಚಿಗುರಿದವು. ಮನೆಯ ತೊಟ್ಟಿಗೆ ಅಂಥ ನೆರವು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ತೊಟ್ಟಿ ತುಂಬಿ ಹರಿದರೆ ಆ ಚೂರುಗಳು ಚರಂಡಿಯ ಮೂಲಕ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಸೇರುತ್ತವೆ.

ಎಲೆಕೋಸಿನ ಮರಿಯಂತೆ ಕಾಣುವ ಅಂತರಗಂಗೆ ಮತ್ತು ದನಗಳ ಮೇವಿಗಾಗಿ ಬೆಳೆಸುವ ಅಜೋಲ್ಲಾ ಇವುಗಳಷ್ಟು ಘಾತುಕವಲ್ಲದಿದ್ದರೂ ನೈದಿಲೆಯ ಟಬ್ಬಿನಲ್ಲಿ ಬೇಡ. ಕೆಲವೇ ವಾರಗಳಲ್ಲಿ ನೀರಿನ ಮೇಲ್ಮೈಯನ್ನು ಮುಚ್ಚಿ, ನೈದಿಲೆಯ ಎಳೆ ಎಲೆ ಮೇಲೆ ಬರಲು ಜಾಗವಿಲ್ಲದಂತೆ ಮಾಡುತ್ತವೆ. ಅಜೋಲ್ಲಾ ಬೇಕಾದವರು ಅದಕ್ಕೇ ಪ್ರತ್ಯೇಕ ತೊಟ್ಟಿ ಮಾಡಿಕೊಳ್ಳಲಿ. ಹೆಚ್ಚಾದ ಯಾವುದೇ ಜಲಸಸ್ಯವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕೇ ಹೊರತು ಕೆರೆಗೆ ಬಿಡಕೂಡದು.

ಸೊಳ್ಳೆ ಮತ್ತು ಮೀನು

ನಿಂತ ನೀರೆಂದರೆ ಡೆಂಗಿಯ ಭಯ ನ್ಯಾಯವಾದದ್ದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ವಿಧಿಸಲು ಅವಕಾಶ ಮಾಡಿತು. ಬೆಚ್ಚಗಿನ ಹವೆಯಲ್ಲಿ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ಹಂತ ತಲುಪಲು ಸುಮಾರು ವಾರದಿಂದ ಹತ್ತು ದಿನ ಸಾಕು. ನಲವತ್ತು ಲೀಟರ್ ಮೀರಿದ ಟಬ್ಬಿನಲ್ಲಿ ನಾಲ್ಕೈದು ಗಪ್ಪಿ ಮೀನು ಬಿಟ್ಟರೆ ಮರಿಗಳನ್ನು ತಿಂದು ಮುಗಿಸುತ್ತವೆ. ಹೆಚ್ಚುವರಿ ಆಹಾರ ಹಾಕದಿರುವುದೇ ಒಳ್ಳೆಯದು. ಗಪ್ಪಿಯೂ ಗ್ಯಾಂಬೂಸಿಯಾವೂ ಹೊರದೇಶದ ಮೀನುಗಳಾದ್ದರಿಂದ ಅವು ತೊಟ್ಟಿಯಲ್ಲೇ ಉಳಿಯಬೇಕು. ಸಿಗುವುದಾದರೆ ನಮ್ಮ ಹಳ್ಳಕೊಳ್ಳಗಳದ್ದೇ ಆದ ಪ್ಯಾಂಚಾಕ್ಸ್ ಮೀನು ಇನ್ನೂ ಮೇಲು. ಸಣ್ಣ ಬೋಗುಣಿಯ ನೀರು ಬಿಸಿಲಿಗೆ ಕಾಯುವುದರಿಂದ ಅಲ್ಲಿ ಮೀನು ಬಿಡಬಾರದು. ಬದಲಿಗೆ ವಾರಕ್ಕೊಮ್ಮೆ ತಪ್ಪದೆ ನೀರನ್ನು ತುಂಬಿ ಹರಿಸಿ, ಒಳಗೋಡೆಯನ್ನು ಉಜ್ಜಬೇಕು. ಮೀನಿರುವ ತೊಟ್ಟಿಯಲ್ಲಿ ಎಲೆಗಳಿಗೆ ಹೇನು ಹತ್ತಿದರೆ ಕೀಟನಾಶಕ ಸಿಂಪಡಿಸದೆ ನೀರನ್ನು ರಭಸವಾಗಿ ಹಾಯಿಸಿ ಉದುರಿಸಬೇಕು, ಕಂಬಳಿಹುಳುವನ್ನು ಕಡ್ಡಿಯಿಂದ ತೆಗೆಯಬೇಕು.

ಜಾಗಕ್ಕೆ ತಕ್ಕ ಜೋಡಣೆ

ತೆರೆದ ತಾರಸಿ, 60 ಸೆಂ.ಮೀ. ಟಬ್ಬು, ಬಯಲುಸೀಮೆಯ ಬಿಸಿಲು ಇದ್ದವರು ತಾವರೆಯನ್ನೇ ಬೆಳೆಸಲಿ; ಒಂದು ಟಬ್ಬಿಗೆ ಒಂದೇ ಗೆಡ್ಡೆ, ಜೊತೆಗೆ ಬೇರೆ ಹೂಗಿಡ ಬೇಡ. ಉತ್ತರ ಕರ್ನಾಟಕದಲ್ಲಿ ಕಪ್ಪು ಟಬ್ಬಿನ ಬದಲು ತಿಳಿಬಣ್ಣದ್ದನ್ನು ಆರಿಸಿ, ಬೇಸಿಗೆಯಲ್ಲಿ ಆವಿಯಾದ ನೀರನ್ನು ದಿನವೂ ತುಂಬಬೇಕಾಗುತ್ತದೆ. ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬಿಸಿಲೂ ಇಲ್ಲ, ಟಬ್ಬು ತುಂಬಿ ಹರಿಯುವುದೂ ನಿಲ್ಲುವುದಿಲ್ಲ. ಅಂಚಿನಿಂದ ಎರಡು ಬೆರಳು ಕೆಳಗೆ ಸಣ್ಣ ರಂಧ್ರ ಕೊರೆದು ಅದಕ್ಕೆ ಬಲೆ ಕಟ್ಟಿದರೆ ಮೀನು ಕೊಚ್ಚಿಹೋಗುವುದಿಲ್ಲ. ಅಲ್ಲಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಹೂ ಕೊಡುವ ಟ್ರಾಪಿಕಲ್ ನೈದಿಲೆಯನ್ನು ನಂಬುವುದು ಜಾಣತನ. ಮಲೆನಾಡಿನ ಮರಗಳ ನೆರಳಿನ ಅಂಗಳಕ್ಕೆ ಬಜೆ, ಒಂದೆಲಗ, ಕೆಸು. ಬೆಂಗಳೂರಿನ ಪೂರ್ವಾಭಿಮುಖ ಬಾಲ್ಕನಿಗೆ 45 ಸೆಂ.ಮೀ. ಟಬ್ಬಿನಲ್ಲಿ ಒಂದು ಡಾಬೆನ್, ಅದರ ಪಕ್ಕ ಇಟ್ಟಿಗೆಯ ಮೇಲೆ ನೀರುಬ್ರಾಹ್ಮಿಯ ಪುಟ್ಟ ಕುಂಡ, ತಳದಲ್ಲಿ ವ್ಯಾಲಿಸ್ನೇರಿಯಾದ ಒಂದು ಗಿಡ, ನಾಲ್ಕು ಮೀನು. ಎಲೆಗಳು ನೀರಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮುಚ್ಚಿದಾಗ ಹಳೆಯ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆದರೆ ಆಯಿತು.